ಅಡ್ಡಿಯಿಲ್ಲ ಎಂದರೆ ಎಷ್ಟು?

ಇವತ್ತು ಬೆಳಿಗ್ಗೆ ಮಲಾಡಿನ ನಮ್ಮ ಮನೆಯ ಅಟ್ಟ ಗುಡಿಸುವಾಗ ಗ್ರಾಮಫೋನ್ ತಟ್ಟೆಗಳ ಹಳೆಯ ಆಲ್ಬಮ್ ಸಿಕ್ಕಿತು. ರಟ್ಟು ಬಿಡಿಸಿದ್ದೇ ತಡ, ಆ ಕಾಲದ ತಟ್ಟೆಗಳ ಅರಗಿನ ವಾಸನೆ ಮೂಗಿಗೆ ಬಡಿಯಿತು. ನಿಮಗೆ ಆ ವಾಸನೆ ಗೊತ್ತಿರಲಾರದು. ನನಗಂತೂ ಅದು ಐವತ್ತರ ದಶಕದ ಬೊಂಬಾಯಿ. ಎರಡು ತಟ್ಟೆ, ನಾಲ್ಕು ಪ್ರೇಮಗೀತೆ. ಹಾಡಿದವರು ಗುರುನಾಥ, ಹಿಂದೆ ನಿಂತು ಆಲಾಪದ ಹೆಸರಿನಲ್ಲಿ ಹೂಂಗುಟ್ಟಿದವಳು ನಾನು.

ಗುರುನಾಥ ಧಾರವಾಡದವರು, ಫೋರ್ಟಿನ ಬ್ಯಾಂಕಿನಲ್ಲಿ ಗುಮಾಸ್ತರು. ಗಿಟಾರ್ ನುಡಿಸುತ್ತಿದ್ದ ಪೀಟರ್ ಜೋಗೇಶ್ವರಿಯಲ್ಲಿದ್ದ ಗೋವೆಯವನು, ಹೋಟೆಲಿನ ಬ್ಯಾಂಡಿನಲ್ಲಿ ಬ್ಲೂಸ್ ಕಲಿತಿದ್ದ. ಪ್ರತಿ ಭಾನುವಾರ ನಮ್ಮಪ್ಪನ ಮನೆಯಲ್ಲೇ ತಾಲೀಮು. ಬ್ಲೂಸ್ ಅಂದರೇನು ಎಂದು ಅಪ್ಪ ಕೇಳಿದಾಗ ಗುರುನಾಥ, "ನಮ್ಮ ಬೀಸೋ ಪದಾನ ರೀ. ಬೀಸೋ ಕಲ್ಲಿಲ್ಲ, ಗಿಟಾರ್ ಅದ, ಅಷ್ಟ" ಎಂದಿದ್ದರು. ಮೈಸೂರಿನ ಅಪ್ಪನಿಗೆ ಎರಡೂ ಗೊತ್ತಿರಲಿಲ್ಲ. ಆದರೂ ಗಂಭೀರವಾಗಿ ತಲೆಯಾಡಿಸಿದರು.

ಆ ಹಾಡುಗಳೋ! ನಾಲ್ಕರಲ್ಲೂ ಪ್ರೇಮಿ ಮಾತಾಡುವುದು ತನ್ನ ಮನಸ್ಸಿನ ಜೊತೆಗೇ. ಹೇಳಲೇನು ಮನಸೇ, ಬೇಡವೇನು ಮನಸೇ ಎಂದು ಕೊರಗುವುದೇ ಕೊರಗುವುದು. "ನೀವು ಹೀಗೇ ಮನಸ್ಸನ್ನ ಕೇಳ್ತಾ ಕೂತಿರಿ. ಆ ಹುಡುಗಿ ಬೇರೆಯವರನ್ನ ಮದುವೆಯಾಗಿ ಮಗೂಗೆ ನಾಮಕರಣಾನೂ ಮಾಡಿರ್ತಾಳೆ" ಎಂದು ನಾನು ರೇಗಿಸುತ್ತಿದ್ದೆ. ರೇಗಿಸುತ್ತ ರೇಗಿಸುತ್ತ ನಾನೇ ಅವರನ್ನು ಪ್ರೀತಿಸಿಬಿಟ್ಟಿದ್ದೆ, ಅದು ಬೇರೆ ಮಾತು.

ಅಷ್ಟರಲ್ಲಿ ಬೆಂಗಳೂರಿನಿಂದ ಒಂದು ಸಂಬಂಧ ಬಂತು. ನಾಚಿಕೆ ಬಿಟ್ಟು ಮೆಟ್ಟಿಲ ಮೇಲೆ ಗುರುನಾಥರನ್ನು ತಡೆದು, "ನನ್ನನ್ನ ನೋಡೋಕೆ ವರ ಬರ್ತಿದಾನೆ. ನಾನು ಹೇಗೆ ಅಂತ ನಿಮ್ಮ ಅಭಿಪ್ರಾಯ?" ಎಂದೆ.

ಕಿವಿಯವರೆಗೆ ಕೆಂಪಾಗಿ ಅವರೆಂದರು: "ಅಡ್ಡಿಯಿಲ್ರಿ."

ಅಡ್ಡಿಯಿಲ್ಲವಂತೆ! ನಮ್ಮ ಕಡೆ ಉಪ್ಪು ಸಾಲದ ಸಾರಿಗೆ, ಮುಲಾಜಿಗೆ ಹೇಳುವ ಮಾತು ಅದು. ನನಗೆ ಮೈಯೆಲ್ಲ ಉರಿದುಹೋಯಿತು. ಬೆಂಗಳೂರಿನವನೇ ಆಗಲಿ ಎಂದು ಅಮ್ಮನಿಗೆ ಹೇಳಿಬಿಟ್ಟೆ.

ಮುಂದಿನ ವಾರ, ನಾವು ಮೊದಲೇ ಹಾಡಿ ಮುದ್ರಿಸಿದ್ದ ತಟ್ಟೆಗಳು ಸಿದ್ಧವಾದವು. ಫೋರ್ಟಿನ ಸ್ಟುಡಿಯೋದಲ್ಲಿ ಕೇಳಲು ಕರೆದರು. ಮುಖ ಊದಿಸಿಕೊಂಡೇ ಹೋದೆ. ಮುಳ್ಳು ಇಟ್ಟರು. ಪೀಟರನ ಗಿಟಾರ್ ಅತ್ತಿತು, ಹಾಡು ಎದ್ದಿತು. ಮುಗಿದಾಗ ಗುರುನಾಥರ ಕೆನ್ನೆಯೆಲ್ಲ ಒದ್ದೆ. ಪೀಟರನ ಎರಡೂ ಕೈ ಹಿಡಿದು, "ಅಡ್ಡಿಯಿಲ್ಲೋ ಪೀಟರ್, ಅಡ್ಡಿಯಿಲ್ಲ!" ಎಂದರು.

ನಾನು ಕಣ್ಣು ಬಿಟ್ಟುಕೊಂಡು ನೋಡಿದೆ. ಪೀಟರ್ ನಕ್ಕು, "ಇಸ್ಕೆ ಊಪರ್ ಇಸ್ಕೆ ಪಾಸ್ ಶಬ್ದ್ ನಹೀ ಹೈ" ಎಂದ. ಅದಕ್ಕಿಂತ ಮೇಲಿನ ಮಾತೇ ಅವರ ಹತ್ತಿರ ಇರಲಿಲ್ಲ! ಅಯ್ಯೋ ನನ್ನ ಮಂಕುಬುದ್ಧಿಯೇ!

ಲೋಕಲ್ ರೈಲು ಹಿಡಿದು ಮನೆಗೆ ಓಡಿದೆ. ಬೆಂಗಳೂರಿನವನು ಬೇಡ, ಗುರುನಾಥರೇ ಬೇಕು ಎಂದೆ. ಅಪ್ಪ ಪೇಪರ್ ಕೆಳಗಿಟ್ಟರು.

"ಹುಡುಗ ಹೇಗೆ?"

"ಅಡ್ಡಿಯಿಲ್ಲಪ್ಪ."

"ಬರೀ ಅಡ್ಡಿಯಿಲ್ಲಕ್ಕೆ ಯಾರಾದ್ರೂ ಹೆಣ್ಣು ಕೊಡ್ತಾರೇನೇ?"

ಅರ್ಥ ಬಿಡಿಸಿ ಹೇಳುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ತಿಳಿದ ಮೇಲೆ ಅಪ್ಪ ಕೆಮ್ಮು ಬರುವವರೆಗೆ ನಕ್ಕರು. ಮದುವೆಯಾಯಿತು. ನಾವಿಬ್ಬರೂ ಆ ಒಂದೇ ಪದದಲ್ಲಿ ಸಂಸಾರ ಮಾಡಿದೆವು. ಅದಕ್ಕಿಂತ ಬಿಡಿಸಿ ಹೇಳುವ ಅಗತ್ಯ ಇಬ್ಬರಿಗೂ ಬೀಳಲಿಲ್ಲ.

ಇವತ್ತು ಯಾಕೋ ಬಿತ್ತು. ಧೂಳಿನ ಕೈಯಲ್ಲೇ ಹೊರಗೆ ಬಂದು, ಕುರ್ಚಿಯಲ್ಲಿ ಕೂತಿದ್ದ ಇವರಿಗೆ, "ನಿಮ್ಮನ್ನ ಕಂಡ್ರೆ ನಂಗೆ ತುಂಬಾ ಪ್ರೀತಿ ಕಣ್ರೀ" ಎಂದೆ.

ಇವರು ಗಾಬರಿಯಿಂದ ನೆಟ್ಟಗೆ ಕೂತು, "ಯಾಕ, ಡಾಕ್ಟರ್ ಏನರ ಅಂದ್ರೇನು?" ಎಂದರು.

ಏನಿಲ್ಲ ಎಂದು ಪಕ್ಕದಲ್ಲಿ ಕೂತೆ. ಇವರು ಗೋಡೆಯ ಕಡೆಗೇ ನೋಡುತ್ತ, "ನನಗೂ" ಎಂದರು.