ನಲವತ್ತು ರೊಟ್ಟಿ

ಹೋದ ಭಾನುವಾರ ಕೊಂಢವಾ ಬಡಾವಣೆಯಲ್ಲಿ ನಾನು ಬ್ಯಾಂಕಿನ ಪರೀಕ್ಷೆಗೆ ಪಾಠ ಹೇಳುವ ಕೋಣೆಯಲ್ಲಿ ಹುಡುಗಿಯೊಬ್ಬಳು ಡಬ್ಬಿ ತೆರೆದಳು. ಅಂಚು ಹೊತ್ತಿದ ಜೋಳದ ರೊಟ್ಟಿಯ ವಾಸನೆ... ಚಿಕ್ಕಮ್ಮನಂತಿದ್ದ ಮಗ್ಗುಲ ಮನೆಯ ಕಾಕು ಎದುರಿಗೇ ಬಂದು ಕೂತಂತಾಯಿತು. ಆಮೇಲೆ ಬೋರ್ಡಿನ ಮೇಲೆ ಕಂಡದ್ದರಿಂದ ನಾನಿನ್ನೂ ಚೇತರಿಸಿಕೊಂಡಿಲ್ಲ.

ಕಾಕು, ಅವ್ವ, ನಾನು ಮೂವರೂ ಒಂದು ಮೆಸ್ಸಿಗೆ ರೊಟ್ಟಿ ಬಡಿಯುತ್ತಿದ್ದೆವು. ಬೆಳಿಗ್ಗೆ ಏಳಕ್ಕೆ ಕಾಕುವಿನ ಮನೆಯಲ್ಲಿ ಕೂತರೆ ಹನ್ನೊಂದಕ್ಕೆ ರೊಟ್ಟಿ ಒಯ್ಯಲು ಟೆಂಪೊ ಬರುತ್ತಿತ್ತು. ನಮ್ಮ ಮನೆತನದ ಮೊದಲ ಪದವಿ ನನ್ನದು. ಹಿಟ್ಟಿನ ಕೈಯಲ್ಲೇ ಪುಟ ಮಗುಚಿ ಪಾಸಾದವಳು ನಾನು. ಬ್ಯಾಂಕಿನ ಪರೀಕ್ಷೆ ಮಾತ್ರ ಎರಡು ಸಲ ಕೆಡವಿತ್ತು. ಇನ್ನೊಂದೇ ಸಲ, ಆಮೇಲೆ ರೊಟ್ಟಿಯೇ ಗತಿ ಎಂದು ಅಪ್ಪ ಹೇಳಿಬಿಟ್ಟಿದ್ದ.

ನನ್ನನ್ನು ಸೋಲಿಸುತ್ತಿದ್ದುದು ಕೆಲಸ-ದಿನಗಳ ಲೆಕ್ಕ. ಒಬ್ಬ ಹತ್ತು ದಿನದಲ್ಲಿ ಮುಗಿಸುವ ಕೆಲಸ ಇನ್ನೊಬ್ಬನಿಗೆ ಹದಿನೈದು ದಿನ, ಇಬ್ಬರೂ ಕೂಡಿದರೆ? ಭಿನ್ನರಾಶಿಯಲ್ಲಿ ಒದ್ದಾಡುತ್ತಿದ್ದೆ. ಶಾಲೆಯ ಮುಖ ಕಾಣದ ಕಾಕು ಕೇಳಿದಳು:

"ಕೆಲಸ ಅಂದ್ರ ಎಷ್ಟ ರೊಟ್ಟಿ?"

"ಕೆಲಸ ಅಂದ್ರ ಕೆಲಸ, ಕಾಕು. ರೊಟ್ಟಿ ಎಲ್ಲಿಂದ ಬಂತು?"

"ಪುಸ್ತಕದಾಗ ಹೇಳಿಲ್ಲಂದ್ರ ನಾವ ಇಟ್ಕೊಳ್ಳೂದು. ಹತ್ತಕ್ಕೂ ಹದಿನೈದಕ್ಕೂ ಮುರೀದಂಗ ಹಂಚಾಕ ಬರಬೇಕ ನೋಡು. ಮೂವತ್ತ ಅನ್ನು. ಒಬ್ಬಂದು ದಿನಕ್ಕ ಮೂರು, ಇನ್ನೊಬ್ಬಂದು ಎರಡು, ಕೂಡಿದ್ರ ಐದು. ಮೂವತ್ತಕ್ಕ ಆರ ದಿನ. ಡಿಗ್ರಿ ಆಗೇದಂತ ಇಕೀದು!"

ಬೆರಳಲ್ಲಿ ಎಣಿಸಿ ನೋಡಿದೆ, ಸರಿಯಿತ್ತು. ಹಂಚಿನ ಮೇಲಿದ್ದ ನನ್ನ ರೊಟ್ಟಿ ಕರಕಲಾಯಿತು.

ಮರುದಿನವೇ ಆಕೆ ನನ್ನನ್ನು ಒಲೆಯ ಮುಂದಿನಿಂದ ಎಬ್ಬಿಸಿದಳು. "ಅಭ್ಯಾಸ ಮಾಡ ಹೋಗು. ನೀ ಹತ್ತ ಬಡದ್ರ ಹತ್ತೂ ಹರೀತಾವ. ನೀ ಇಲ್ಲಂದ್ರ ಕೆಲಸ ಜಲ್ದಿ ಆಗ್ತದ." ನಂಬಿದೆ. ನಗುತ್ತ ಎದ್ದು ಹೋದೆ. ಎಂಟು ತಿಂಗಳ ನಂತರ ಪಾಸಾದೆ.

ಭಾನುವಾರ ಹುಡುಗಿಯರಿಗೆ ಅದೇ ಉಪಾಯ ಕಲಿಸಲು ನಮ್ಮದೇ ಉದಾಹರಣೆ ಕೊಟ್ಟೆ. ತಾಸಿಗೆ ಕಾಕು ಮೂವತ್ತು, ಅವ್ವ ಇಪ್ಪತ್ತು, ನಾನು, ಹರಿದದ್ದು ಬಿಟ್ಟು, ಹತ್ತು. ಒಟ್ಟು ಇನ್ನೂರ ನಲವತ್ತು ರೊಟ್ಟಿ, ನಾಲ್ಕು ತಾಸು.

"ಮೂರನೇದಾಕಿ ಬಿಟ್ಟು ಹೋದ್ರ, ಮ್ಯಾಡಮ್?"

ಬರೆದೆ. ನಾಲ್ಕು ತಾಸಿಗೆ ಇನ್ನೂರೇ. ಸೀಮೆಸುಣ್ಣ ಅಲ್ಲಿಗೇ ನಿಂತಿತು. ಆ ಎಂಟು ತಿಂಗಳೂ ಟೆಂಪೊ ಹನ್ನೊಂದಕ್ಕೇ ಬಂದಿತ್ತು. ಇನ್ನೂರ ನಲವತ್ತೂ ತುಂಬಿಕೊಂಡೇ ಹೋಗಿತ್ತು. ಹಾಗಾದರೆ ಆ ನಲವತ್ತನ್ನು ಬಡಿದವರು ಯಾರು?

ಹೊರಗೆ ಬಂದು ಅವ್ವನಿಗೆ ಫೋನ್ ಮಾಡಿದೆ. ಆ ನಲವತ್ತರ ಮಾತು ಕೇಳಿದೆ. "ನಾ ಏಳಕ್ಕ ಹೋಗೂದ್ರಾಗ ಕಾಕು ಮಾಡಿ ಮುಚ್ಚಿಟ್ಟಿರ್ತಿದ್ಲವ್ವ. ನಿನಗ ಹೇಳಬ್ಯಾಡ ಅಂತ ಆಣಿ ಹಾಕಿದ್ಲು."

ತಾಸಿಗೆ ಮೂವತ್ತರಂತೆ ನಲವತ್ತಕ್ಕೆ ದಿನಕ್ಕೆ ಒಂದು ತಾಸು ಇಪ್ಪತ್ತು ನಿಮಿಷ, ಆಕೆಯೊಬ್ಬಳೇ. ಕಾಕು ತೀರಿಕೊಂಡು ಆರು ವರ್ಷ. ಪದವೀಧರೆ ಎಂದು ಬೀಗುತ್ತಿದ್ದ ನಾನು ಆಕೆ ಕಲಿಸಿದ ಲೆಕ್ಕವನ್ನು ಆಕೆಗೇ ಹಚ್ಚಿ ನೋಡಿರಲಿಲ್ಲ... ಇನ್ನು ಯಾರನ್ನು ಕೇಳಲಿ, ಯಾರ ಕೈ ಹಿಡಿಯಲಿ?

ಒಳಗೆ ಹೋದಾಗ ಹುಡುಗಿಯರು ಉತ್ತರ ಬರೆದು ಕಾಯುತ್ತಿದ್ದರು.

"ನಲವತ್ತ ಕಡಿಮಿ ಬೀಳ್ತಾವ್ರಿ, ಮ್ಯಾಡಮ್."

ಹೌದವ್ವ, ಎಂದೆ. ಆ ಎಂಟು ತಿಂಗಳಲ್ಲಿ ಒಂದೂ ಕಡಿಮೆ ಬಿದ್ದಿರಲಿಲ್ಲ ಎಂಬುದನ್ನು ನನ್ನಲ್ಲೇ ಇಟ್ಟುಕೊಂಡು ಬೋರ್ಡಿನ ಮೇಲೆ ನಲವತ್ತು ಎಂದು ಬರೆದೆ.