ಗೊಂಚಲಕ್ಕ ಬಿಟ್ಟುಕೊಡದ ಬಯಲು

ಮನೆ ಹುಡುಕಲು ಹೋದ ದಿನ ನನ್ನ ಮಗಳಿಗೆ ನೆಗಡಿ. ಅದಕ್ಕೆ ಮೊದಲು ಸಿಕ್ಕ ಬ್ರೋಕರುಗಳೆಲ್ಲ ನೇರವಾಗಿ ಬೀಗ ತೆಗೆದು, ಲೈಟು ಹಾಕಿ, “ಗಾಳಿ ಬೆಳಕು ನೋಡಿ ಮೇಡಂ” ಎನ್ನುತ್ತಿದ್ದರು. ಈ ಬ್ರೋಕರಮ್ಮ ಮಾತ್ರ ಮನೆಯ ಬಾಗಿಲಿನವರೆಗೆ ನಮ್ಮನ್ನು ಕರೆದುಕೊಂಡು ಹೋಗಿ, ಬೀಗ ಮುಟ್ಟದೆ, ಮತ್ತೆ ಮೆಟ್ಟಿಲಿಳಿದು ಬೀದಿಗೆ ಬಂದುಬಿಟ್ಟರು.

“ಒಳಗಡೆ ಗೋಡೆ ಇದೆ, ಎಲ್ಲಿಗೂ ಓಡಿಹೋಗಲ್ಲ. ಮೊದಲು ಬೀದಿ ನೋಡೋಣ ಬನ್ನಿ.”

“ಮಗು ಎತ್ಕೊಂಡಿದೀನಿ ಅಕ್ಕ,” ಎಂದೆ.

“ಕೊಡಿ ಇಲ್ಲಿ.”

ಎತ್ತಿಕೊಂಡೇಬಿಟ್ಟರು. ಅವರ ಸೊಂಟದಲ್ಲಿ ಖಾಲಿ ಮನೆಗಳ ಬೀಗದಕೈಗಳೆಲ್ಲ ಸೇರಿದ ದೊಡ್ಡದೊಂದು ಗೊಂಚಲು ತೂಗುತ್ತಿತ್ತು. ಅದರಿಂದಲೇ ಇಡೀ ಬಡಾವಣೆ ಅವರನ್ನು ಗೊಂಚಲಕ್ಕ ಎನ್ನುತ್ತದೆ. ಆಫೀಸಿನ ಬೋರ್ಡಿನ ಮೇಲಿರುವ ಹೆಸರಿನಿಂದ ಕರೆದರೆ ಅವರೇ ತಿರುಗಿ ನೋಡುವುದಿಲ್ಲ. ಗೊಂಚಲಿಗೆ ತುಕ್ಕು ಹಿಡಿದಿದೆಯೇ ಎಂದು ನಾನು ಬಗ್ಗಿ ನೋಡುವಷ್ಟರಲ್ಲಿ ಮಗಳು ಒಂದು ಬೀಗದಕೈ ಬಾಯಿಗಿಟ್ಟಾಗಿತ್ತು.

ದಾರಿಯುದ್ದಕ್ಕೂ ನಾನು ಕೇಳಿದ್ದು ಕೇಳಿದ್ದೇ. ಬೀದಿಯ ಕೊನೆಯ ಕೊಳಕ್ಕೆ ಬೇಲಿ ಇದೆಯಾ, ನಾಯಿ ಕಚ್ಚುತ್ತಾ, ನೀರು ದಿನಾ ಬರುತ್ತಾ, ರಾತ್ರಿ ಔಷಧದಂಗಡಿ ತೆರೆದಿರುತ್ತಾ. ನನ್ನ ಯಜಮಾನರು ನಾಚಿಕೆಯಿಂದ ಹಿಂದೆ ಹಿಂದೆ ಬರುತ್ತಿದ್ದರು. ಗೊಂಚಲಕ್ಕನಿಗೆ ಬೇಸರವಿಲ್ಲ. ಲೈಬ್ರರಿಯಲ್ಲಿ ಶನಿವಾರ ಮಕ್ಕಳಿಗೆ ಕಥೆ ಓದುವ ನಿವೃತ್ತ ಮೇಷ್ಟ್ರನ್ನು ತೋರಿಸಿದರು. ಹಳೆಯ ನೀರಿನ ಗೋಪುರವನ್ನು ತೋರಿಸಿ, ಕಾವಲುಗಾರನ ಮನಸ್ಸು ಚೆನ್ನಾಗಿದ್ದರೆ ಮೇಲೆ ಹತ್ತಿ ಇಡೀ ಊರು ನೋಡಬಹುದು ಎಂದರು. ಪೋಸ್ಟಾಫೀಸಿನ ಹಿಂದೆ ಬ್ಯಾಂಡು ಅಭ್ಯಾಸ ಮಾಡುವವರ ಬಗ್ಗೆ, “ಚೆನ್ನಾಗಿ ನುಡಿಸಲ್ಲ, ಆದ್ರೆ ಬೇಗ ನಿಲ್ಲಿಸ್ತಾರೆ,” ಎಂದರು. ಹಾಗೆ ಇದ್ದದ್ದನ್ನು ಇದ್ದ ಹಾಗೆ ಹೇಳುವ ಬ್ರೋಕರನ್ನು ನಾನು ಕಂಡಿರಲಿಲ್ಲ. ಮನೆಯೊಳಗೆ ಕಾಲಿಡುವ ಮೊದಲೇ ನಾನು ಒಪ್ಪಿಯಾಗಿತ್ತು.

ಬೀದಿಗೆ ಬಂದು ನೆಲೆಸಿದ ಮೇಲೆ ತಿಳಿಯಿತು, ಆ ನಡಿಗೆಯೇ ಅವರ ಕಸುಬಿನ ಅರ್ಧ. ಇನ್ನರ್ಧ, ವಾರಕ್ಕೊಮ್ಮೆ ಆಫೀಸಿನ ಗಾಜಿಗೆ ಒಳಗಿನಿಂದ ಅಂಟಿಸುವ ಒಂದು ಹಾಳೆ. ‘ಈ ವಾರ ನಮ್ಮಲ್ಲಿ’ ಎಂದು ಅದರ ತಲೆಬರಹ. ಅದೇ ಹಾಳೆಯ ಫೋಟೋ ಎಲ್ಲರ ಮೊಬೈಲಿಗೂ ಬರುತ್ತದೆ. ಎಲ್ಲಿ ಕಣ್ಣಿನ ತಪಾಸಣೆ, ಎಲ್ಲಿ ಹಳೆಯ ಪುಸ್ತಕಗಳ ಮಾರಾಟ, ಕೊಳದಲ್ಲಿ ಬಾತುಕೋಳಿ ಮರಿ ಮಾಡಿದೆಯೇ, ಎಲ್ಲ ಅದರಲ್ಲಿರುತ್ತದೆ. ಮನೆ ಬಾಡಿಗೆಗೆ ಇದೆ ಎಂಬ ಸಾಲು ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ. ನಮ್ಮ ಬೀದಿಯವರು ಆ ಹಾಳೆ ಓದಿಯೇ ವಾರ ಶುರುಮಾಡುತ್ತಾರೆ ಎಂದರೆ ತಪ್ಪಾಗದು.

ಆ ಹಾಳೆಯಲ್ಲಿ ತಪ್ಪದೆ ಬರುತ್ತಿದ್ದುದು ಬಯಲು. ನೀರಿನ ಗೋಪುರದ ಆಚೆ, ಊರಿಗೆ ಸೇರಿದ ಬರಿಯ ಮಣ್ಣಿನ ಜಾಗ. ಭಾನುವಾರ ಸಂಜೆ ಗೊಂಚಲಕ್ಕ ಅಲ್ಲಿ ದೊಡ್ಡ ಹೆಂಗಸರಿಗೆ ಸೈಕಲ್ ಕಲಿಸುತ್ತಿದ್ದರು. ಮಕ್ಕಳಿಗಲ್ಲ, ಅಮ್ಮಂದಿರಿಗೆ, ಅತ್ತೆಯರಿಗೆ. ನಾನು ಓದಿದ್ದು ಬೆಳೆದದ್ದು ಬಸ್ಸಿನಲ್ಲಿ ಓಡಾಡುವ ದೊಡ್ಡ ಊರಿನಲ್ಲಿ. ಸೈಕಲ್ ಹತ್ತಿದವಳೇ ಅಲ್ಲ. ಹೆಲ್ಮೆಟ್ಟು, ಮೊಣಕಾಲಿಗೆ ಪಟ್ಟಿ, ಚೀಲದಲ್ಲಿ ಮುಲಾಮು ಎಲ್ಲ ಹೊತ್ತುಕೊಂಡು ಹೋದವಳನ್ನು ನೋಡಿ, “ಏನಮ್ಮ, ಯುದ್ಧಕ್ಕೆ ಹೊರಟ್ಯಾ?” ಎಂದು ದರ್ಜಿ ಅಂಗಡಿಯ ಅಜ್ಜಿ ಕೇಳಿದ್ದರು. ಆ ಅಜ್ಜಿ ಆಗಲೇ ಒಂದು ಸುತ್ತು ಹೊಡೆದು ಬಂದಿದ್ದರು. ನನಗೆ ತಿಂಗಳುಗಟ್ಟಲೆ ಬ್ಯಾಲೆನ್ಸೇ ಬರಲಿಲ್ಲ. ಆದರೂ ವಾರವೆಲ್ಲ ಮನೆಯೊಳಗೆ ಎದೆ ಹಿಡಿದುಕೊಂಡು ಬದುಕುವ ನನಗೆ ಉಸಿರು ಬಿಡಲು ಇದ್ದುದು ಅದೊಂದೇ ಜಾಗ.

ಬಯಲಿನ ಪಕ್ಕದಲ್ಲಿ ಫ್ಲ್ಯಾಟುಗಳ ದೊಡ್ಡ ಕಟ್ಟಡವೊಂದು ಏಳತೊಡಗಿದಾಗ ಗೊಂಚಲಕ್ಕನಿಗೇ ಮೊದಲು ಖುಷಿ. ಈ ಕಡೆ ಅಷ್ಟು ದೊಡ್ಡ ಕೆಲಸ ಹಿಂದೆಂದೂ ಬಂದಿರಲಿಲ್ಲ. ಅವರ ಕೈಹಿಡಿದು ಬಂದ ಗಿರಾಕಿ ಹಿಂತಿರುಗಿ ಹೋಗುವುದಿಲ್ಲ ಎಂದು ಬಿಲ್ಡರಿಗೂ ಗೊತ್ತಿತ್ತು. ಫ್ಲ್ಯಾಟುಗಳ ಬೀಗದಕೈಗಳನ್ನು ತಾನೇ ತಂದುಕೊಟ್ಟ. ಹಾಳೆಯಲ್ಲಿ ಅವರು ಬರೆದಿದ್ದ ‘ಪಕ್ಕದಲ್ಲೇ ಬಯಲು, ಭಾನುವಾರ ಸಂಜೆ ನಗು ಕೇಳಿಸುತ್ತದೆ’ ಎಂಬ ಸಾಲನ್ನು ಹಾಗೆಯೇ ಎತ್ತಿ ತನ್ನ ಬಣ್ಣದ ಜಾಹೀರಾತಿನಲ್ಲಿ ಹಾಕಿಕೊಂಡ. ಕಟ್ಟಡ ಮುಗಿಯುವವರೆಗೆ ಇಟ್ಟಿಗೆ, ಮರಳು ಇಟ್ಟುಕೊಳ್ಳಲು ಬಯಲಿನ ಒಂದು ಮೂಲೆ ಬೇಕು ಎಂದು ಊರವರನ್ನು ಕೇಳಿ ಪಡೆದ. ಮೂಲೆಗೆಂದು ಶುರುವಾದ ಬೇಲಿ ಇಡೀ ಬಯಲಿಗೆ ಬಂತು, ಗೇಟು ಬಂತು. ಕಟ್ಟಡ ಮುಗಿಯಿತು, ಮರಳು ಹೋಯಿತು, ಗೇಟಿನ ಬೀಗ ಮಾತ್ರ ಹೋಗಲಿಲ್ಲ. ಒಳಗೆ ಕಾರು ನಿಲ್ಲಿಸಲು ಸುಣ್ಣದ ಗೆರೆ ಎಳೆದಿದ್ದರು.

ಸರ್ಕಾರಿ ಕಚೇರಿಗೆ ಹೋಗಿ ಕೇಳಿದವರಿಗೆ “ನೋಡೋಣ” ಎಂಬ ಉತ್ತರ ಸಿಕ್ಕಿತು. ಗೊಂಚಲಕ್ಕ ಗೇಟಿನ ಮುಂದೆ ಸೈಕಲ್ ನಿಲ್ಲಿಸಿ ಬೀಗ ಎಳೆದು ನೋಡಿದರು.

“ಇದು ನನ್ನ ಬಾಯಿ ಮಾಡಿದ ಕೆಲಸ ಕಣಮ್ಮ,” ಎಂದರು. “ಬಯಲಿದೆ ಬಯಲಿದೆ ಅಂತ ಬಂದೋರಿಗೆಲ್ಲ ಹೊಗಳಿ ಹೊಗಳಿ ನಾನೇ ಅವನ ಕಣ್ಣಿಗೆ ಹಾಕ್ದೆ. ನಮ್ಮ ಕಸುಬಿನೋರಿಗೆ ಚೆನ್ನಾಗಿರೋದು ಕಂಡ್ರೆ ಬಾಯಿ ಸುಮ್ಮನಿರಲ್ಲ.”

“ಈಗೇನ್ಮಾಡೋದು ಅಕ್ಕ? ಪೊಲೀಸು ಗಿಲೀಸು ಅಂತ ಹೋಗಬೇಡಿ, ನಂಗೆ ಭಯ.”

“ನಿಂಗೆ ಯಾವುದಕ್ಕೆ ಭಯ ಇಲ್ಲ ಹೇಳು. ನಾನೇನೂ ಮಾಡಲ್ಲ. ನನ್ನ ಕೆಲಸ ಮಾಡ್ತೀನಿ ಅಷ್ಟೆ.”

ಆ ವಾರದ ಹಾಳೆಯಲ್ಲಿ ಬಯಲಿನ ಸಾಲು ಎಂದಿನ ಜಾಗದಲ್ಲೇ ಇತ್ತು. ‘ಭಾನುವಾರ ಸಂಜೆ ಸೈಕಲ್ ಕಲಿಕೆ. ಬಯಲಿಗೆ ಬೀಗ ಹಾಕಿರುವುದರಿಂದ ಗೇಟಿನ ಮುಂದಿನ ರಸ್ತೆಯಲ್ಲಿ.’ ಫ್ಲ್ಯಾಟು ನೋಡಲು ಬಂದ ಗಿರಾಕಿಗಳನ್ನೂ ಅವರು ಅದೇ ದಾರಿಯಲ್ಲಿ ನಡೆಸಿಕೊಂಡು ಹೋಗಿ, ಗೇಟಿನ ಮುಂದೆ ನಿಲ್ಲಿಸಿ, “ಜಾಹೀರಾತಿನಲ್ಲಿ ಇರೋ ಬಯಲು ಇದೇ. ಬೀಗ ಹಾಕಿದೆ,” ಎಂದಷ್ಟೇ ಹೇಳಿ, ಆಮೇಲೆ ಫ್ಲ್ಯಾಟು ತೋರಿಸುತ್ತಿದ್ದರು.

ನಲ್ಲಿ ಸೋರುತ್ತಿದೆ ಎಂದು ದೂರು ಹೇಳಲು ನಾನು ಅವರ ಆಫೀಸಿನಲ್ಲಿ ಕುಳಿತಿದ್ದಾಗಲೇ ಬಿಲ್ಡರು ಬಂದ. ಆಫೀಸು ಎಂದರೆ ಒಂದು ಮೇಜು, ಕುರ್ಚಿಗಳು, ಗೋಡೆ ತುಂಬ ಬಡಾವಣೆಯ ನಕ್ಷೆ. ಆತ ಕುಳಿತುಕೊಳ್ಳಲಿಲ್ಲ.

“ಅಕ್ಕಾವ್ರೇ, ಗೇಟು ಮುಚ್ಚಿದೆ ಅಂತ ಗೊತ್ತಿದ್ದೂ ಹಾಳೆಯಲ್ಲಿ ಬಯಲು ಯಾಕೆ ಬಂತು?”

“ಮುಚ್ಚಿದೆ ಅಂತಾನೇ ಬರೆದಿದೀನಲ್ಲ. ಕನ್ನಡಕ ಹಾಕ್ಕೊಂಡು ಓದಿ.”

“ನೀವು ನನ್ನ ಫ್ಲ್ಯಾಟು ಮಾರ್ತೀರೋ, ನನ್ನ ಮರ್ಯಾದೆ ತೆಗೀತೀರೋ?”

“ಎರಡೂ ಒಂದೇ ದಾರಿಯಲ್ಲಿದೆ ಸ್ವಾಮಿ. ಹೋಗ್ತಾ ಕಾಣ್ಸುತ್ತೆ.”

ಆತ ದನಿ ಇಳಿಸಿದ. “ನೋಡಿ, ಈ ನಡೆಸ್ಕೊಂಡು ಬರೋದು ಬಿಟ್ಬಿಡಿ. ನಾನೇ ಕಾರು ಕಳಿಸ್ತೀನಿ. ಹಿಂದಿನ ರಸ್ತೆಯಿಂದ ಬಂದ್ರೆ ಗೇಟೇ ಸಿಗಲ್ಲ. ನಿಮ್ಮ ಕಾಲಿಗೂ ಸುಖ.”

“ನನ್ನ ಕಾಲು ನಿಮಗೆ ದೂರು ಹೇಳ್ತಾ?”

“ಹಾಗಾದ್ರೆ ಬೀಗದಕೈ ವಾಪಸ್ ಕೊಡಿ.”

ಇಡೀ ಕಟ್ಟಡದ ಕೆಲಸ ಕೈತಪ್ಪಿ ಹೋಗುತ್ತದಲ್ಲ ಎಂದು ನನಗೆ ಭಯ. ಸ್ವಲ್ಪ ತಗ್ಗಿ ಹೋಗಿ ಅಕ್ಕ ಎಂದು ಕಣ್ಣಿನಲ್ಲೇ ಹೇಳಿದೆ. ಅವರು ಗೊಂಚಲು ಬಿಚ್ಚಿ ಮೇಜಿನ ಮೇಲಿಟ್ಟು, ಅದರ ಬಿಗಿಯಾದ ಕಬ್ಬಿಣದ ಬಳೆಯನ್ನು ಉಗುರಿನಿಂದ ಅಗಲಿಸಿ, ಫ್ಲ್ಯಾಟುಗಳ ಬೀಗದಕೈಗಳನ್ನು ಒಂದೊಂದಾಗಿ ಕಳಚಿದರು. ಉಗುರು ಮುರಿಯಿತು. ಬಾಯಲ್ಲಿ ಕಚ್ಚಿ ಅದನ್ನು ತೆಗೆದು ಮತ್ತೆ ಮುಂದುವರಿಸಿದರು. ಬಿಲ್ಡರು ಅಷ್ಟು ಹೊತ್ತೂ ನಿಂತೇ ಕಾಯಬೇಕಾಯಿತು.

“ತಗೊಳ್ಳಿ. ಕಾರಿನಲ್ಲಿ ಬಂದು ಮನೆ ನೋಡೋರಿಗೆ ನಿಮ್ಮ ಆಫೀಸಿನ ಹುಡುಗಿ ಸಾಕು. ಹಾಳೆ ಮಾತ್ರ ನನ್ನದು. ಅದರಲ್ಲಿ ಏನಿರಬೇಕು ಅಂತ ನೀವು ಹೇಳೋ ಹಾಗಿಲ್ಲ.”

ಆತ ಹೋದ ಮೇಲೆ ನನ್ನ ಕಡೆ ತಿರುಗಿ, “ಯಾವ ನಲ್ಲಿ, ಅಡುಗೆಮನೇದಾ ಬಚ್ಚಲದ್ದಾ?” ಎಂದರು.

ಭಾನುವಾರ ಹೋಗುವುದೋ ಬೇಡವೋ ಎಂದು ನಾನು ಮೂರು ದಿನ ಒದ್ದಾಡಿದೆ. “ನಾವು ಬಾಡಿಗೆಗಿರೋರು, ನಮಗ್ಯಾಕೆ ಊರ ಉಸಾಬರಿ?” ಎಂದರು ಯಜಮಾನರು. ಆ ಮಾತು ಕೇಳಿದ್ದೇ ನನಗೆ ಎಲ್ಲಿಂದ ಸಿಟ್ಟು ಬಂತೋ, “ಬಾಡಿಗೆಯವರ ಮಕ್ಕಳು ಗಾಳಿ ಕುಡಿಯೋದು ಬೇಡ್ವಾ?” ಎಂದುಬಿಟ್ಟೆ. ಅವರು ಮಗಳನ್ನು ಎತ್ತಿಕೊಂಡು ನನ್ನ ಹಿಂದೆಯೇ ಬಂದರು.

ಬಂದವರು ಎಂದಿಗಿಂತ ಹೆಚ್ಚಿದ್ದರು. ದರ್ಜಿ ಅಂಗಡಿಯ ಅಜ್ಜಿ, ಔಷಧದಂಗಡಿಯವರ ಹೆಂಡತಿ, ನಾನು ಮುಖ ಕಂಡು ಹೆಸರರಿಯದ ಎಷ್ಟೋ ಹೆಂಗಸರು. ರಸ್ತೆಯ ಎದುರಿಗೇ ಫ್ಲ್ಯಾಟಿನವರ ಗಾಜಿನ ಆಫೀಸು, ಅದರ ಮುಂದೆ ಹೂಕುಂಡಗಳ ಸಾಲು. ಗೊಂಚಲಕ್ಕ ಘೋಷಣೆ ಕೂಗಿಸಲಿಲ್ಲ, ಭಾಷಣ ಮಾಡಲಿಲ್ಲ. “ಬೆನ್ನು ನೆಟ್ಟಗೆ. ಚಕ್ರ ನೋಡಬೇಡ, ಮುಂದೆ ನೋಡು,” ಎನ್ನುತ್ತ ಒಬ್ಬೊಬ್ಬರ ಸೀಟು ಹಿಡಿದು ಓಡಿದರು, ಅಷ್ಟೆ. ಆಫೀಸಿಗೆ ಬರುವ ಕಾರುಗಳು ಸೈಕಲ್ಲುಗಳ ಹಿಂದೆ ನಿಂತವು. ಫ್ಲ್ಯಾಟಿನ ಕಾವಲುಗಾರ ಒಮ್ಮೆ ಬಂದು, “ಸ್ವಲ್ಪ ಆ ಕಡೆ ಹೋಗ್ರಮ್ಮ,” ಎಂದ. “ಬ್ರೇಕು ಇನ್ನೂ ಕಲ್ತಿಲ್ಲಪ್ಪ, ನೀನೇ ಪಕ್ಕಕ್ಕೆ ಬಾ,” ಎಂದರು ಅಜ್ಜಿ.

ನನ್ನ ಸರದಿ ಬಂತು. ಗೊಂಚಲಕ್ಕ ಯಾವಾಗ ಕೈಬಿಟ್ಟರೋ ಗೊತ್ತಾಗಲಿಲ್ಲ. ಗೊತ್ತಾದಾಗ ನಾನು ಒಬ್ಬಳೇ ಹೋಗುತ್ತಿದ್ದೆ. ಆ ಸಂತೋಷದಲ್ಲಿ ತಿರುಗಿಸುವುದು ಮರೆತು ಹೂಕುಂಡಗಳ ಮೇಲೆ ಬಿದ್ದೆ. ಪಟ್ಟಿ ಜಾರಿ ಮೊಣಕಾಲು ತರಚಿತು, ಕುಂಡ ಒಡೆಯಿತು.

ಬಿಲ್ಡರು ಹೊರಗೆ ಬಂದ. ಅವನ ಹಿಂದೆಯೇ ಫ್ಲ್ಯಾಟು ನೋಡಲು ಬಂದಿದ್ದ ಗಂಡ ಹೆಂಡತಿ, ಜೊತೆಗೆ ಗಂಡನ ತಾಯಿ. ತಾಯಿಯ ಕೈಯಲ್ಲಿ ಬಣ್ಣದ ಜಾಹೀರಾತಿತ್ತು.

“ಏನ್ರೀ ಇದು, ರಸ್ತೆಯಲ್ಲಿ ಸರ್ಕಸ್ಸು?” ಎಂದ ಬಿಲ್ಡರು.

ಗೊಂಚಲಕ್ಕ ನನ್ನನ್ನು ಎಬ್ಬಿಸುತ್ತ ಹೇಳಿದರು. “ಭಾನುವಾರ ಸಂಜೆ ನಗು ಕೇಳಿಸುತ್ತೆ ಅಂತ ನೀವೇ ಅಚ್ಚು ಹಾಕ್ಸಿದೀರಲ್ಲ. ಕೇಳಿಸ್ತಾ ಇದೀವಿ.”

ಆ ತಾಯಿ ಒಮ್ಮೆ ಜಾಹೀರಾತನ್ನು, ಒಮ್ಮೆ ಗೇಟನ್ನು ನೋಡಿದರು. “ಓ, ಆ ಬಯಲು ಇದೇನಾ? ಮತ್ತೆ ಇವರ್ಯಾಕೆ ರಸ್ತೆಯಲ್ಲಿದಾರೆ?”

“ಒಳಗೆ ರಿಪೇರಿ ನಡೀತಾ ಇದೆ ಅಮ್ಮ,” ಎಂದ ಬಿಲ್ಡರು.

“ಬಯಲಿಗೇನಪ್ಪ ರಿಪೇರಿ?”

ಆಕೆ ನಿಜವಾಗಿಯೂ ತಿಳಿಯಲೆಂದೇ ಕೇಳಿದ್ದರು. ದರ್ಜಿ ಅಂಗಡಿಯ ಅಜ್ಜಿ ಸೈಕಲ್ಲಿನ ಮೇಲೆ ಕುಳಿತೇ ನಗತೊಡಗಿದರು. ನಗು ಸಾಲಾಗಿ ಹರಡಿತು. ನಿಂತಿದ್ದ ಕಾರುಗಳಲ್ಲಿ ಒಬ್ಬಾತ ಕಿಟಕಿ ಇಳಿಸಿ, “ಇದು ಊರಿನ ಜಾಗ ಅಂತಲೇ ನಾವು ಮುಂಗಡ ಕೊಟ್ಟಿದ್ದು,” ಎಂದ. ಬಿಲ್ಡರ ಕತ್ತಿನ ನರ ಉಬ್ಬಿತು. ಆದರೆ ಗಿರಾಕಿಗಳ ಮುಂದೆ ಬಯ್ಯುವಂತಿರಲಿಲ್ಲ. ಕಾವಲುಗಾರನಿಗೆ, “ತೆಗಿಯೋ ಅತ್ಲಾಗೆ. ಇವತ್ತೊಂದು ದಿನ,” ಎಂದ.

ಗೇಟು ತೆರೆಯಿತು. ಎಲ್ಲರೂ ಒಳಗೆ ನುಗ್ಗುತ್ತಾರೆ ಎಂದುಕೊಂಡೆ. ಗೊಂಚಲಕ್ಕ ಸೈಕಲ್ಲನ್ನು ಗೇಟಿಗೆ ಅಡ್ಡವಾಗಿ ನಿಲ್ಲಿಸಿ ಕೈ ಚಾಚಿದರು.

“ಇವತ್ತೊಂದು ದಿನ ಅಂದ್ರೆ ನಾವ್ಯಾರೂ ಒಳಗೆ ಹೋಗಲ್ಲ. ರಸ್ತೆಯಲ್ಲೇ ಇರ್ತೀವಿ, ಪ್ರತಿ ವಾರ. ಬೀಗ ಕೊಡಿ.”

“ಬೀಗ ನಂದು ಕಣ್ರೀ.”

“ಬೀಗ ನಿಮ್ಮದೇ. ಜಾಗ ನಿಮ್ಮದಲ್ಲ. ತೆಗೆದು ನಿಮ್ಮ ಮನೆ ಬೀರುವಿಗೆ ಹಾಕ್ಕೊಳ್ಳಿ, ಗೇಟಿನಲ್ಲಿ ಮಾತ್ರ ತೂಗಬಾರದು.”

ನನ್ನ ಮೊಣಕಾಲಿನಿಂದ ರಕ್ತ ಇಳಿಯುತ್ತಿತ್ತು. ಮುಲಾಮು ಚೀಲದಲ್ಲೇ ಇತ್ತು. ತೆಗೆಯಲು ತೋಚಲಿಲ್ಲ. ಹೋಗಿ ಗೊಂಚಲಕ್ಕನ ಪಕ್ಕದಲ್ಲಿ ನನ್ನ ಸೈಕಲ್ಲನ್ನೂ ಅಡ್ಡ ನಿಲ್ಲಿಸಿದೆ. ಸೈಕಲ್ಲಿನ ಬೆಲ್ಲು ತಾನಾಗಿಯೇ ಕಿಣಿಕಿಣಿ ಎನ್ನುತ್ತಿತ್ತು. ಔಷಧದಂಗಡಿಯವರ ಹೆಂಡತಿ ಬಂದರು, ಅಜ್ಜಿ ಬಂದರು. ಬಿಲ್ಡರು ಕಾರುಗಳ ಕಡೆ ನೋಡಿದ, ಆ ತಾಯಿಯ ಕಡೆ ನೋಡಿದ. ಕೊನೆಗೆ ಕಾವಲುಗಾರನ ಕೈಯಿಂದ ಬೀಗ ಕಸಿದುಕೊಂಡು ಜೇಬಿಗೆ ಹಾಕಿ ಒಳಗೆ ಹೋದ. ಅಷ್ಟು ದೊಡ್ಡ ಬೀಗಕ್ಕೆ ಜೇಬು ಜೋತುಬಿದ್ದಿತ್ತು.

ಫ್ಲ್ಯಾಟುಗಳ ಕೆಲಸ ಗೊಂಚಲಕ್ಕನಿಗೆ ಮರಳಿ ಸಿಗಲಿಲ್ಲ. ಸಿಗುತ್ತದೆ ಎಂದು ಅವರು ಕಾಯಲೂ ಇಲ್ಲ. ಮತ್ತೆ ಸಣ್ಣ ಮನೆಗಳನ್ನೇ, ಸೋರುವ ನಲ್ಲಿಗಳನ್ನೇ ನೋಡಿಕೊಂಡಿದ್ದಾರೆ. ಸುಣ್ಣದ ಗೆರೆಗಳು ಸೈಕಲ್ ಚಕ್ರಗಳಿಗೆ ಸಿಕ್ಕಿ ಅಳಿಸಿಹೋದವು. ಅಷ್ಟಾದರೂ ನನಗೆ ಸಮಾಧಾನವಿಲ್ಲ. “ಆತ ಇನ್ನೊಂದು ಬೀಗ ತಂದ್ರೆ?” ಎಂದು ಕೇಳುತ್ತಲೇ ಇರುತ್ತೇನೆ. “ತರಲಿ. ನಮಗೂ ರಸ್ತೆ ಅಭ್ಯಾಸ ಆಗಿದೆ,” ಎನ್ನುತ್ತಾರೆ.

ಮೊನ್ನೆ ಬಿಲ್ಡರ ಕಟ್ಟಡದ ಉದ್ಘಾಟನೆ. ಬಡಾವಣೆಯ ಜನ ಬರಬೇಕಾದರೆ ಹಾಳೆಯಲ್ಲಿ ಬರಬೇಕು ಎಂದು ಅವನಿಗೂ ಅರ್ಥವಾಗಿತ್ತು. ಆಫೀಸಿನ ಹುಡುಗಿಯ ಕೈಯಲ್ಲಿ ಹೇಳಿಕಳಿಸಿದ. ಗೊಂಚಲಕ್ಕ ಇಲ್ಲವೆನ್ನಲಿಲ್ಲ. ಕಟ್ಟಡಕ್ಕೆ ಹೋಗಿ, ಕೆಳಗಿನಿಂದ ಮೇಲಿನವರೆಗೆ ನೋಡಿ ಬಂದು ಬರೆದರು: ‘ಶನಿವಾರ ಬೆಳಿಗ್ಗೆ ಹೊಸ ಕಟ್ಟಡದ ಉದ್ಘಾಟನೆ. ಎಲ್ಲರಿಗೂ ಟೀ ಇದೆ. ಮೇಲಿನ ಮಹಡಿಯಿಂದ ಕೊಳ ಚೆನ್ನಾಗಿ ಕಾಣುತ್ತದೆ. ಲಿಫ್ಟು ಇನ್ನೂ ಕೆಲಸ ಮಾಡುತ್ತಿಲ್ಲ, ಮೊಣಕಾಲು ನೋವಿರುವವರು ಟೀ ಕುಡಿದು ಕೆಳಗಿನಿಂದಲೇ ವಾಪಸ್ ಬನ್ನಿ.’

ಫೋನು ಬಂದಾಗ ನಾನು ಅಲ್ಲೇ ಇದ್ದೆ.

“ಆ ಲಿಫ್ಟಿನ ಸಾಲೊಂದು ತೆಗೀರಿ ಅಕ್ಕಾವ್ರೇ.”

“ಲಿಫ್ಟು ಸರಿ ಮಾಡ್ಸಿ,” ಎಂದು ಅವರು ಫೋನಿಟ್ಟರು.