ತಳ್ಳದೆ ನಿಂತವರು

ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ, ಮಳವಳ್ಳಿಯಿಂದ ಮದ್ದೂರಿನ ಮೇಲೆ ಮಂಡ್ಯಕ್ಕೆ ಹೋಗುವ ಬಸ್ಸು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿತ್ತು. ಓಡುತ್ತಿತ್ತು ಎನ್ನುವುದು ಮರ್ಯಾದೆಯ ಮಾತು. ಸ್ವಲ್ಪ ಏರು ಬಂದರೆ ಸಾಕು, ಕೆಮ್ಮಿ ನಿಂತುಬಿಡುತ್ತಿತ್ತು. ಆಗ ಗಂಡಸರೆಲ್ಲ ಇಳಿದು ಹಿಂದಿನಿಂದ ತಳ್ಳಬೇಕು. ನಾನು ಇಳಿಯುತ್ತಿದ್ದೆ, ತಳ್ಳುತ್ತಿರಲಿಲ್ಲ. ಇಪ್ಪತ್ತಾರು ವರ್ಷದ ಮೇಷ್ಟರು, ಕೈಕಾಲು ನೆಟ್ಟಗಿರುವವನು, ರಸ್ತೆ ಬದಿಯಲ್ಲಿ ಕೊಡೆ ಹಿಡಿದು ನಿಂತರೆ ಜನ ಸುಮ್ಮನಿರುತ್ತಾರೆಯೇ? "ಮೇಷ್ಟ್ರುಗೆ ಸೊಂಟ ಬಗ್ಗಕಿಲ್ಲ ಕಣ್ಲಾ, ಪಂಚೆ ಮಾಸ್ತದೆ" ಎನ್ನುತ್ತಿದ್ದರು. ನನಗೋ ಮೂಗಿನ ತುದಿಯಲ್ಲೇ ಕೋಪ. ಆದರೂ ಹಲ್ಲು ಕಚ್ಚಿಕೊಂಡು ನಿಂತಿರುತ್ತಿದ್ದೆ.

ಸಂಗತಿ ಇಷ್ಟೆ. ಮಂಡ್ಯದ ಡಾಕ್ಟರೊಬ್ಬರು ನನ್ನ ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿ, "ಹೃದಯ ದಪ್ಪವಾಗಿದೆ. ಓಡಬೇಡಿ, ಭಾರ ಎತ್ತಬೇಡಿ, ಶನಿವಾರ ಶನಿವಾರ ಬಂದು ತೋರಿಸಿ" ಎಂದಿದ್ದರು. ಆ ಕಾಯಿಲೆಯ ಉದ್ದನೆಯ ಹೆಸರು ನನ್ನ ಕಿವಿಗೆ ಬಿದ್ದದ್ದು ತಲೆ ನರೆತ ಮೇಲೆ. ಆಗ ಗೊತ್ತಿದ್ದದ್ದು ಎರಡೇ. ಶಾಲೆಯ ಮೆಟ್ಟಿಲು ಹತ್ತುವಾಗ ನಾನು ಎರಡು ಸಲ ಕಣ್ಣು ಕತ್ತಲೆ ಬಂದು ಬಿದ್ದಿದ್ದೆ. ನನ್ನ ಅಣ್ಣ ಹತ್ತೊಂಬತ್ತನೆಯ ವಯಸ್ಸಿನಲ್ಲಿ, ನಾಟಿಯ ದಿನ ಪೈರಿನ ಹೊರೆ ಹೊತ್ತು ನಡೆಯುತ್ತಿದ್ದವನು, ಗದ್ದೆಯಲ್ಲಿ ಬಿದ್ದು ಮತ್ತೆ ಏಳಲಿಲ್ಲ. ಊರವರು ಗಾಳಿ ಸೋಕಿತು ಎಂದಿದ್ದರು. ಅದನ್ನು ಕೇಳಿದ ಡಾಕ್ಟರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು.

ತಾಯಿ ಹೋದ ಮೇಲೆ ನಮ್ಮಿಬ್ಬರನ್ನೂ ಸಾಕಿದವಳು ಬೆಸಗರಹಳ್ಳಿಯ ಅಕ್ಕ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು. ಅವಳ ಮುಂದೆ ಹೋಗಿ "ನನಗೂ ಅದೇ ಬಂದಿದೆ" ಎನ್ನಲು ನನಗೆ ಬಾಯಿ ಬರಲಿಲ್ಲ.

ಒಂದು ಶನಿವಾರ ಬಸ್ಸು ಎಂದಿನಂತೆ ನಿಂತಾಗ, ರಸ್ತೆಯ ಆ ಬದಿಯಲ್ಲಿ ಇನ್ನೊಬ್ಬರು ತಳ್ಳದೆ ನಿಂತಿದ್ದರು. ನಲವತ್ತು ದಾಟಿದವರು, ಬ್ಲಫ್‌ನಲ್ಲಿ ಜಲಪಾತದ ಬಳಿ ಕರೆಂಟು ತೆಗೆಯುವ ಕಾರ್ಖಾನೆಯಲ್ಲಿ ಕೆಲಸ. ನಾನು ಅವರನ್ನು ನೋಡಿದೆ, ಅವರು ನನ್ನನ್ನು ನೋಡಿದರು. ಕೊನೆಗೆ ಅವರೇ ಎದೆಯ ಮೇಲೆ ಬೆರಳಿಟ್ಟು ಹುಬ್ಬು ಹಾರಿಸಿದರು. ನಾನು ತಲೆ ಆಡಿಸಿದೆ. ಅಷ್ಟೇ ನಮ್ಮ ಪರಿಚಯ. ಮುಂದಿನ ವಾರದಿಂದ ಅವರು ಒಂದು ಉಪಾಯ ಹೂಡಿದರು. ಬಸ್ಸು ನಿಂತ ಕೂಡಲೇ ನಾವಿಬ್ಬರೂ ಮುಂದೆ ನಿಂತು "ಐಲೇಸಾ!" ಎಂದು ಕೂಗುವುದು, ಮಿಕ್ಕವರು ತಳ್ಳುವುದು. ತಳ್ಳದವರು ಹೀಗೆ ಮೇಸ್ತ್ರಿಗಳಾಗಿಬಿಟ್ಟೆವು. ಬೈಗುಳವೂ ನಿಂತಿತು.

ಮೂರನೆಯವಳು ಮದ್ದೂರಿನಲ್ಲಿ ಹತ್ತುತ್ತಿದ್ದ ಮೊಸರಿನ ಮುದುಕಿ. ಮೂವತ್ತು ವರ್ಷ ತಲೆಯ ಮೇಲೆ ಮೊಸರಿನ ಗಡಿಗೆ ಹೊತ್ತು ಬೀದಿ ಸುತ್ತಿದವಳು, ಈಗ ಹೊರಲಾರಳು. "ಎದೇಲಿ ಮೀನು ಒದ್ದಾಡ್ದಂಗೆ ಆಯ್ತದೆ ಕಣಪ್ಪ" ಎಂದು ಇಡೀ ಬಸ್ಸಿಗೆ ಕೇಳುವಂತೆ ಹೇಳುತ್ತಿದ್ದಳು. ಮಂಡ್ಯದ ಆಸ್ಪತ್ರೆಯ ಜಗಲಿಯ ಬೆಂಚಿನ ಮೇಲೆ ನಾವು ಮೂವರೂ ನಮ್ಮ ನಮ್ಮ ಔಷಧಿ ಸೀಸೆ ತೊಡೆಯ ಮೇಲಿಟ್ಟುಕೊಂಡು ಸಂಜೆಯವರೆಗೂ ಕೂರುತ್ತಿದ್ದೆವು. ವಾರವೆಲ್ಲ ಮುಚ್ಚಿಟ್ಟದ್ದನ್ನು ಅಲ್ಲಿ ಬಿಚ್ಚುತ್ತಿದ್ದೆ. ಏದುಸಿರು ಬಂದರೆ ಕೆಮ್ಮಿದಂತೆ ನಟಿಸಬೇಕಾಗಿರಲಿಲ್ಲ. ಅವರಿಬ್ಬರನ್ನು ನೋಡಿದರೆ ನನಗೆ ಆಗುತ್ತಿದ್ದ ಸಂತೋಷ ಹಬ್ಬಕ್ಕೆ ಮನೆಗೆ ಹೋದರೂ ಆಗುತ್ತಿರಲಿಲ್ಲ.

ಮನೆಯಲ್ಲಿ ಹೇಳಕೂಡದು ಎನ್ನುವುದು ಆ ಬೆಂಚಿನ ಕಾಯಿದೆ. ಅದಕ್ಕೆ ಕಾರಣ ಬ್ಲಫ್‌ನವರು. ಅವರು ಹೆಂಡತಿಗೆ ಹೇಳಿಬಿಟ್ಟಿದ್ದರು. "ಅವತ್ತಿಂದ ನನ್ನ ಜೊತೆ ಜಗಳ ಆಡೋದೇ ಬಿಟ್ಟವ್ಳೆ ಮೇಷ್ಟ್ರೇ. ಏನಂದ್ರೂ ಊಂ ಅಂತಾಳೆ. ಬದುಕಿದ್ದಂಗೇ ನನ್ನ ತಿಥಿ ಮುಗಿಸವ್ಳೆ" ಎಂದು ಕಣ್ಣೀರು ಹಾಕಿದ್ದರು. ಮುದುಕಿ ಆಗಲೇ ತೀರ್ಪು ಕೊಟ್ಟಳು: "ಯಾರೂ ಮನೇಲಿ ಬಾಯಿ ಬುಡಬ್ಯಾಡಿ. ನಮ್ಮ ಕಷ್ಟ ನಮ್ಮೊಳಗೇ ಇರ್‍ಲಿ." ನನಗೂ ಅದೇ ಬೇಕಾಗಿತ್ತು.

ಅಷ್ಟರಲ್ಲಿ ಅಕ್ಕನ ಮಗಳಿಗೆ ಮದುವೆ ಗೊತ್ತಾಯಿತು. ನಮ್ಮಲ್ಲಿ ಹೆಣ್ಣನ್ನು ಸೋದರಮಾವನೇ ಎತ್ತಿಕೊಂಡು ಹಸೆಮಣೆಗೆ ತರಬೇಕು. ಇದ್ದ ಸೋದರಮಾವ ನಾನೊಬ್ಬನೇ. ಹುಡುಗಿಯೋ, ಅಕ್ಕನ ಕೈತುಪ್ಪ ತಿಂದು ಆನೆಮರಿಯ ಹಾಗೆ ಬೆಳೆದವಳು. ಬೆಂಚಿನಲ್ಲಿ ಎರಡು ವಾರ ಅದೇ ಚರ್ಚೆ. ಕೊನೆಗೆ ಮುದುಕಿ, "ಕೈ ಉಳುಕ್ಬುಟ್ಟದೆ ಅಂತ ಬಟ್ಟೆ ಕಟ್ಕೊಂಡು ಓಗು, ಅಷ್ಟೇಯ" ಎಂದಳು. ಅವರಿಬ್ಬರನ್ನೂ ಮದುವೆಗೆ ಕರೆದೆ, ಬಸ್ಸಿನ ಸ್ನೇಹಿತರು ಎಂದು ಅಕ್ಕನಿಗೆ ಹೇಳಿದ್ದೆ.

ಕೈಗೆ ಬಟ್ಟೆ ಸುತ್ತಿ, ಎಣ್ಣೆ ಸವರಿಕೊಂಡು ಚಪ್ಪರಕ್ಕೆ ಬಂದೆ. ಅದು ನಾವು ಮಾಡಿದ ದೊಡ್ಡ ತಪ್ಪು. ಸೋದರಮಾವ ಎತ್ತಲ್ಲ ಎಂದರೆ ಅವನಿಗೆ ಈ ಸಂಬಂಧ ಒಪ್ಪಿಗೆಯಿಲ್ಲ ಎಂದೇ ಬೀಗರು ತಿಳಿಯುತ್ತಾರೆ. ಗಂಡಿನ ಕಡೆಯ ಯಜಮಾನರೊಬ್ಬರು ನನ್ನ ಕೈಯನ್ನೇ ನೋಡುತ್ತ, "ಉಳುಕಿದ್ದು ಕೈಯೋ, ಮನಸ್ಸೋ?" ಎಂದುಬಿಟ್ಟರು. ಅಕ್ಕನ ಮುಖ ಬಿಳಿಚಿಕೊಂಡಿತು. ನನಗೆ ಕೋಪ ನೆತ್ತಿಗೇರಿತು. ಎಲ್ಲರ ಎದುರಿಗೇ ಕೈಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಎಸೆದೆ. ಆಮೇಲೆ ಭಯವಾಯಿತು, ಜಗಲಿಯ ಮೇಲೆ ಕೂತುಬಿಟ್ಟೆ. ಅಣ್ಣನ ನೆನಪು ಬಂತು. ಸಾಯಲು ನನಗೆ ಇಷ್ಟವಿರಲಿಲ್ಲ.

ಅಕ್ಕ ಸರಸರನೆ ಬಂದಳು. "ಏಳ್ಲಾ ಸೋಮಾರಿ! ಮೂರ್ತ ಮೀರ್ತಾ ಅದೆ, ಇಲ್ಲಿ ಬಂದು ಕುಂತವ್ನೆ!" ಎಂದು ರಟ್ಟೆ ಹಿಡಿದು ಎಬ್ಬಿಸಿದಳು. ನಾನು ಎದ್ದು ಪಂಚೆ ಎತ್ತಿ ಕಟ್ಟಿದೆ. ಒಳಕೋಣೆಯ ಬಾಗಿಲಲ್ಲಿ ಹುಡುಗಿ ತಲೆ ತಗ್ಗಿಸಿ ನಿಂತಿದ್ದಳು. ಅವಳತ್ತ ನಾಲ್ಕು ಹೆಜ್ಜೆ ಇಟ್ಟಿರಬೇಕು.

"ಬುಡ್ಲಾ ಅವುಳ್ನ! ಎತ್ತಬ್ಯಾಡ, ಸತ್ತೋಯ್ತೀಯ!"

ಮೊಸರಿನ ಮುದುಕಿ. ಹೆಂಗಸರ ಸಾಲಿನಿಂದ ಎದ್ದು, ಜನರನ್ನು ತಳ್ಳಿಕೊಂಡು ಬಂದು ನನಗೂ ಹುಡುಗಿಗೂ ನಡುವೆ ನಿಂತಳು. ತಾನೇ ಮಾಡಿದ ಕಾಯಿದೆಯನ್ನು ಇಡೀ ಬೆಸಗರಹಳ್ಳಿಯ ಮುಂದೆ ಮುರಿದಳು. "ಇವ್ನ ಎದೆ ಕೆಟ್ಟದೆ ಕಣ್ರಪ್ಪ! ಡಾಕುಟ್ರು ಒಂದು ಕೊಡ ನೀರೂ ಎತ್ತಬ್ಯಾಡ ಅಂದವ್ರೆ. ಅಕ್ಕಂಗೆ ಯೋಳೋಕೆ ಎದರ್ಕೊಂಡು ಸಾಯಾಕೆ ಒಂಟವ್ನೆ!" ಬ್ಲಫ್‌ನವರೂ ಬಂದು ನನ್ನ ಭುಜ ಹಿಡಿದುಕೊಂಡು ನಿಂತರು.

ಓಲಗದವರೂ ನಿಲ್ಲಿಸಿಬಿಟ್ಟರು. ಅಕ್ಕ "ದಿಟವಾ?" ಎಂದಳು. ನಾನು ತಲೆ ಆಡಿಸಿದೆ. ಯಾರು ಎತ್ತಬೇಕು ಎಂದು ಹಿರಿಯರು ಗೊಣಗುತ್ತಿರುವಾಗಲೇ ಹುಡುಗಿ ತಾನೇ ಹೊರಗೆ ಬಂದು ನನ್ನ ಕೈ ಹಿಡಿದುಕೊಂಡಳು. "ನಡಿ ಮಾವ, ನಂಗೂ ಕಾಲು ಅವೆ" ಎಂದಳು. ಇಬ್ಬರೂ ನಿಧಾನವಾಗಿ ಹಸೆಮಣೆಯವರೆಗೆ ನಡೆದೆವು. ಕೊಂಕು ಮಾತಾಡಿದ ಯಜಮಾನರೇ ಎದ್ದು ನಮಗೆ ದಾರಿ ಬಿಟ್ಟರು.

ಊಟವಾದ ಮೇಲೆ ಅಕ್ಕ ನನ್ನನ್ನು ಹಿತ್ತಲಿಗೆ ಕರೆದಳು. ಚೆನ್ನಾಗಿ ಬೈಯಲಿ ಎಂದು ಸಿದ್ಧನಾಗಿ ಹೋದೆ. ಅವಳು ಬೈಯಲಿಲ್ಲ. ಬಾವಿಕಟ್ಟೆಗೆ ಒರಗಿ, ನನ್ನ ಕಡೆ ನೋಡದೆ ಮಾತಾಡಿದಳು.

"ಅವತ್ತು ನಾಟಿ ದಿನ ನಿಮ್ಮಣ್ಣ ಬದಿನ ಮ್ಯಾಲೆ ಕುಂತಿದ್ದ. ಎದೆ ಒಂಥರಾ ಆಯ್ತದೆ ಅಕ್ಕ ಅಂದ. ಸೋಮಾರಿ ಅಂತ ಬೈದು ನಾನೇ ಎಬ್ಬಿಸ್ದೆ. ನಾನೇ ಹೊರೆ ತಲೆ ಮ್ಯಾಲೆ ಎತ್ತಿಟ್ಟೆ. ಇವತ್ತು ನಿನ್ನೂ ಹಂಗೇ ಎಬ್ಬಿಸ್ದೆ ಕಣ್ಲಾ." ಅವಳು ನನ್ನ ಕಡೆ ತಿರುಗಿದಳು. "ಅವ್ನು ಯೋಳ್ದ, ನಾನು ಕೇಳ್ಲಿಲ್ಲ. ನಿಂಗೆ ಯೋಳಾಕೇ ಮನಸು ಬರ್ನಿಲ್ವಲ್ಲೋ."